ಪ್ರಾಜೆಕ್ಟ್ ಮಕ್ಕಳದ್ದೋ, ಪ್ರಿಂಟರಿನದ್ದೋ?

ಇಂಗ್ಲಿಷ್ ಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಕರಾವಳಿಯ ಮನೆಗಳಲ್ಲಿ ಮುಗಿದು ಬಹಳ ಕಾಲವಾಯಿತು. ಸರಕಾರಿ ಶಾಲೆಗಳಲ್ಲಿ 2007-08ರಿಂದಲೇ ಒಂದನೇ ತರಗತಿಗೆ ಇಂಗ್ಲಿಷ್ ಬಂತು. ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸುವ ಅಧಿಕಾರ ಸರಕಾರಕ್ಕಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ರಾಜ್ಯದ ಸುಮಾರು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ತೆರೆದವು. ಹೆತ್ತವರು ಗೆದ್ದರು. ಮಕ್ಕಳು ಗೆದ್ದರೇ? ಹತ್ತು ವರ್ಷ ಇಂಗ್ಲಿಷ್ ಓದಿದ ಹುಡುಗಿಗೆ ಔಷಧದ ಚೀಟಿಯ ಮೇಲಿನ ನಾಲ್ಕು ಸಾಲನ್ನು ತನ್ನ ತಾಯಿಗೆ ಬಿಡಿಸಿ ಹೇಳಲು ಆಗದಿದ್ದರೆ, ಅವಳು ಕಲಿತದ್ದನ್ನು ಯಾವ ಭಾಷೆ ಎನ್ನೋಣ?

ಇದಕ್ಕೆ ಮದ್ದು ಎಂದು ಶಿಕ್ಷಣ ಇಲಾಖೆಯೂ ಖಾಸಗಿ ಶಾಲೆಗಳೂ ಎರಡು ಹೆಸರು ಹೇಳುತ್ತವೆ. ಒಂದು ಅಂತರ್ಜಾಲ, ಇನ್ನೊಂದು ಪ್ರಾಜೆಕ್ಟ್. ಎರಡರ ಬಗ್ಗೆಯೂ ನಮಗೆ ತಕರಾರಿಲ್ಲ. ಅವೆರಡೂ ಕೂಡಿ ಏನಾಗಿವೆ ಎಂಬುದರ ಬಗ್ಗೆ ಇದೆ. ಮಗುವಿಗೆ ಶಾಲೆ ಒಂದು ವಿಷಯ ಕೊಡುತ್ತದೆ. ತಂದೆಯೋ ಅಣ್ಣನೋ ಅದನ್ನು ಗೂಗಲ್‌ನಲ್ಲಿ ಹುಡುಕುತ್ತಾರೆ. ಜೆರಾಕ್ಸ್ ಅಂಗಡಿಯವನು ಬಣ್ಣದಲ್ಲಿ ಮುದ್ರಿಸುತ್ತಾನೆ. ತಾಯಿ ಅಂಟಿಸುತ್ತಾಳೆ. ಟೀಚರ್ ಅಂಕ ಕೊಡುತ್ತಾರೆ. ಇಷ್ಟೂ ಜನರ ನಡುವೆ ಮಗು ಬರೆಯುವುದು ತನ್ನ ಹೆಸರನ್ನು ಮಾತ್ರ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಹುಡುಕುವ ಶ್ರಮವೂ ತಪ್ಪಿತು.

ಪ್ರಾಜೆಕ್ಟ್ ಎಂಬುದು ಹುಟ್ಟಿದ್ದು ಹೀಗಲ್ಲ. ಅಮೆರಿಕದ ವಿಲಿಯಂ ಕಿಲ್ಪ್ಯಾಟ್ರಿಕ್ 1918ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದಾಗ, ಮಗು ಮನಸ್ಸಿಟ್ಟು, ತನ್ನದೇ ಉದ್ದೇಶದಿಂದ ಮಾಡುವ ಕೆಲಸ ಎಂಬುದೇ ಅದರ ಜೀವಾಳವಾಗಿತ್ತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮದೇ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಂದಿಗೆ ಆಟ, ನಾಟಕ, ಪ್ರಯೋಗಗಳ ಮೂಲಕ ಶಿಕ್ಷಣ ನಡೆಸಿದರು. ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನೂ ಬರೆದರು. ಅಲ್ಲಿ ಮಗು ಮೊದಲು, ಪುಸ್ತಕ ಆಮೇಲೆ. ಈಗ ನಾವು ಅದನ್ನು ತಲೆಕೆಳಗು ಮಾಡಿದ್ದೇವೆ.

ಹಾಗಾದರೆ ಜಾಲತಾಣಗಳನ್ನು ದೂರವಿಡಬೇಕೇ? ಖಂಡಿತ ಬೇಡ. ಆದರೆ ಪ್ರಶ್ನೆ ಊರಿನದಾಗಿರಲಿ, ಜಾಲತಾಣ ಅದಕ್ಕೆ ಸಾಕ್ಷಿ ಹೇಳಲಿ. ಕಾಪುವಿನ ಮಕ್ಕಳನ್ನೇ ನೋಡೋಣ. ಬೂತಾಯಿ, ಬಂಗುಡೆ, ಅಂಜಲ್ ಅವರಿಗೆ ಹೊಸತಲ್ಲ. ಅಂಜಲ್ ಮೀನನ್ನು ಒಂದು ಹೋಟೆಲಿನ ಮೆನು ಕಿಂಗ್ ಫಿಶ್ ಎಂದರೆ ಇನ್ನೊಂದು ಸೀರ್ ಫಿಶ್ ಎನ್ನುತ್ತದೆ. ಫಿಶ್‌ಬೇಸ್ ಜಾಲತಾಣದಲ್ಲಿ ಅದು ಸ್ಪ್ಯಾನಿಷ್ ಮ್ಯಾಕೆರೆಲ್. ಒಂದು ಮೀನಿಗೆ ಮೂರು ಹೆಸರೇಕೆ? ಈ ಪ್ರಶ್ನೆ ಹಿಡಿದು ಮೀನು ಮಾರುವ ಹೆಂಗಸರನ್ನು ತುಳುವಿನಲ್ಲಿ ಕೇಳಿ, ಅಜ್ಜಿಯನ್ನು ಬ್ಯಾರಿಯಲ್ಲಿ ಕೇಳಿ, ಕೊನೆಗೆ ಹತ್ತು ವಾಕ್ಯ ಇಂಗ್ಲಿಷಿನಲ್ಲಿ ಬರೆಯುವ ಮಗುವಿಗೆ ಯಾವ ಪ್ರಿಂಟರೂ ನೆರವಾಗದು. ಆ ಹತ್ತು ವಾಕ್ಯಗಳಲ್ಲಿ ಐದು ತಪ್ಪಿದ್ದರೂ ಅವು ಅವನವು.

ಕಾರ್ಕಳದಲ್ಲಿ 1432ರಲ್ಲಿ ನಿಂತ 42 ಅಡಿಯ ಗೊಮ್ಮಟನಿದ್ದಾನೆ, 1586ರ ಚತುರ್ಮುಖ ಬಸದಿಯಿದೆ. ಹೊರ ರಾಜ್ಯದಿಂದ ಬರುವವರಿಗೆ ಒಂದು ಪುಟದ ಇಂಗ್ಲಿಷ್ ಕೈಪಿಡಿ ಬರೆಯಿರಿ, ವಿಕಿಪೀಡಿಯದ ಪುಟದೊಂದಿಗೆ ಹೋಲಿಸಿರಿ, ಅದರಲ್ಲಿ ಬಿಟ್ಟುಹೋದದ್ದನ್ನು ಹುಡುಕಿರಿ ಎಂದರೆ ಅದು ಪ್ರಾಜೆಕ್ಟ್. ಉಡುಪಿಯಿಂದ ಐದಾರು ಕಿಲೋಮೀಟರ್ ದೂರದ ಮಣಿಪಾಲಕ್ಕೆ ನಾನಾ ದೇಶಗಳ ವಿದ್ಯಾರ್ಥಿಗಳು ಬರುತ್ತಾರೆ. ಟೀಚರ್ ಜೊತೆಗಿದ್ದು ನಮ್ಮ ಮಕ್ಕಳು ಅವರಲ್ಲಿ ನಾಲ್ಕು ಪ್ರಶ್ನೆ ಕೇಳಲಿ. ಹಳ್ಳಿ ಶಾಲೆಯ ಮಗುವಿಗೆ ಇಂಗ್ಲಿಷ್ ಆಗ ಪರೀಕ್ಷೆಯ ಭೂತವಾಗಿ ಉಳಿಯದೆ ಮನುಷ್ಯರ ಮಾತಾಗುತ್ತದೆ.

2017ರಲ್ಲಿ ಆರಂಭವಾದ ದೀಕ್ಷಾ ತಾಣ, ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗಳು ಒಳ್ಳೆಯವೇ. ಆದರೆ ಅಲ್ಲಿನ ಹೆಚ್ಚಿನ ಪಾಠಗಳಲ್ಲಿ ವೀಡಿಯೊ ಮಾತಾಡುತ್ತದೆ, ಮಗು ಕೇಳುತ್ತದೆ. ಮಾತಾಡದೆ ಭಾಷೆ ಬರುವುದುಂಟೇ? ಅದಕ್ಕಿಂತ, ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ನಮಗೆ ಹತ್ತಿರದ್ದು. ಅಲ್ಲಿ ಕನ್ನಡ, ಉರ್ದು, ಇಂಗ್ಲಿಷ್ ಕಥೆಗಳು ಉಚಿತ, ಅನುವಾದಿಸುವ ಅನುಮತಿಯೂ ಉಂಟು. ಒಂದು ಪುಟ್ಟ ಇಂಗ್ಲಿಷ್ ಕಥೆಯನ್ನು ಮನೆಮಾತಿಗೆ ತರಲು ಕೂತ ಮಗು ಪ್ರತಿ ಪದವನ್ನೂ ತೂಗಲೇಬೇಕು.

ಇಲ್ಲಿ ನಮ್ಮ ಸಮುದಾಯಕ್ಕೆ ಎರಡು ಮಾತು. ನಮ್ಮ ಮಗು ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಲಿಪಿ ಎಂದು ಬೆಳೆಯುತ್ತದೆ. ಇಷ್ಟು ಭಾಷೆಗಳ ಬಂಡವಾಳವನ್ನು ನಾವು ಹೊರೆ ಎಂದು ಭಾವಿಸಿ, ಇಂಗ್ಲಿಷ್ ಬರಬೇಕಾದರೆ ಉಳಿದವನ್ನು ಮರೆಯಬೇಕು ಎಂದುಕೊಂಡಿದ್ದೇವೆ. ಇಂಗ್ಲಿಷನ್ನು ಅಷ್ಟು ಬೆಂಬಲಿಸಿದ ಸರ್ ಸೈಯದ್ ಅಹ್ಮದ್ ಖಾನರೇ 1864ರಲ್ಲಿ ಸೈಂಟಿಫಿಕ್ ಸೊಸೈಟಿ ಕಟ್ಟಿ ಇಂಗ್ಲಿಷ್ ಗ್ರಂಥಗಳನ್ನು ಉರ್ದುವಿಗೆ ತರಿಸಿದರು. ಇನ್ನು, ಅರ್ಥ ತಿಳಿಯದೆ ಕುರ್‌ಆನ್ ಪಾರಾಯಣ ಮಾಡಿದರೂ ಪುಣ್ಯವಿದೆ ಎಂಬ ನಂಬಿಕೆ ನಮ್ಮದು. ಇಂಗ್ಲಿಷಿಗೆ ಆ ರಿಯಾಯಿತಿ ಇಲ್ಲ. ಅರ್ಥವಿಲ್ಲದ ಇಂಗ್ಲಿಷ್ ಓದಿನಿಂದ ಇಹದಲ್ಲೂ ಫಲವಿಲ್ಲ.

ಎರಡನೆಯ ಮಾತು ಹೆಣ್ಣುಮಕ್ಕಳದ್ದು. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ, ಮನೆಯಲ್ಲಿದ್ದ ಒಂದೇ ಫೋನು ಮೊದಲು ಯಾರ ಕೈಗೆ ಹೋಯಿತು ಎಂದು ಪ್ರತಿ ಮನೆಯೂ ಕೇಳಿಕೊಳ್ಳಲಿ. ಪ್ರಾಜೆಕ್ಟಿಗಾಗಿ ಬಂದರಿಗೆ, ಬಸದಿಗೆ, ಗ್ರಂಥಾಲಯಕ್ಕೆ ಹೋಗುವಾಗ ಮಗನಿಗೆ ಸಿಗುವ ಅನುಮತಿ ಮಗಳಿಗೂ ಸಿಗುತ್ತದೆಯೇ? ಸಿಗದಿದ್ದರೆ ಅವಳ ಪಾಲಿಗೆ ಉಳಿಯುವುದು ಮತ್ತೆ ಜೆರಾಕ್ಸ್ ಅಂಗಡಿಯ ಪ್ರಾಜೆಕ್ಟೇ.

ಟೀಚರುಗಳ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಸಿಬ್ಬಂದಿ ಕಡಿಮೆ, ದಾಖಲೆ ತುಂಬುವ ಕೆಲಸ ಜಾಸ್ತಿ. ಆದ್ದರಿಂದ ವರ್ಷಕ್ಕೆ ಹತ್ತು ಪ್ರಾಜೆಕ್ಟ್ ಬೇಡ, ಎರಡು ಸಾಕು. ಫೈಲಿನ ಅಂದಕ್ಕೆ ಅಂಕ ಬೇಡ. ಮಗು ಎದ್ದುನಿಂತು ತಾನು ಯಾರನ್ನು ಕೇಳಿದೆ, ಏನು ತಿಳಿಯಿತು ಎಂದು ಐದು ನಿಮಿಷ ಇಂಗ್ಲಿಷಿನಲ್ಲಿ ಹೇಳಲಿ, ತಡವರಿಸಿದರೂ ಪರವಾಗಿಲ್ಲ. ಹೆತ್ತವರು ಮಾಡಬೇಕಾದ್ದು ಇನ್ನೂ ಸುಲಭ. ಅಂಟು, ಕತ್ತರಿ ಬದಿಗಿಟ್ಟು ಆ ಐದು ನಿಮಿಷ ಕಿವಿಗೊಟ್ಟು ಕೇಳಿದರೆ ಸಾಕು.