ಮೊದಲು ನೆಲ ನೋಡಿ, ಆಮೇಲೆ ರೋಬೋ

ನೆಲ ಗುಡಿಸುವ ರೋಬೋ ಕೊಳ್ಳಲು ಹೊರಟವರಿಗೆ ಅಂಗಡಿಯವರು ಮೊದಲು ಒಪ್ಪಿಸುವುದು ಪ್ಯಾಸ್ಕಲ್ ಲೆಕ್ಕ. ಇದು 5,000, ಅದು 10,000, ಇನ್ನೂ ಸ್ವಲ್ಪ ದುಡ್ಡು ಹಾಕಿದರೆ 20,000. ಬೆಲೆಯೂ ಅದರ ಬೆನ್ನಿಗೇ ಏರುತ್ತದೆ. 15–20 ಸಾವಿರ ರೂಪಾಯಿಯವುಗಳಿಂದ ಹಿಡಿದು ಲಕ್ಷ ದಾಟಿದವುಗಳವರೆಗೆ ಮಾರುಕಟ್ಟೆಯಲ್ಲಿವೆ. ಹೀರುವ ಶಕ್ತಿ ಹೆಚ್ಚಿದಷ್ಟೂ ಮನೆ ಚೊಕ್ಕಟವಾಗುತ್ತದೆ ಎಂಬ ನಂಬಿಕೆಯ ಮೇಲೆ ಈ ವ್ಯಾಪಾರ ನಿಂತಿದೆ. ಆ ನಂಬಿಕೆ ತಪ್ಪು. ನಮ್ಮ ಕಡೆಯ ಮನೆಗಳಲ್ಲಿ ಈ ಯಂತ್ರ ಗೆಲ್ಲುವುದೂ ಸೋಲುವುದೂ ನೆಲದಿಂದಲೇ. ಹೊಸ್ತಿಲ ಎತ್ತರ, ಮಂಚದ ಕೆಳಗಿನ ಸಂದು, ಹಾಸುಗಲ್ಲಿನ ಬಣ್ಣ, ಮನೆಯವರ ಕೂದಲಿನ ಉದ್ದ, ಇವನ್ನು ನೋಡದೆ ಕೊಂಡ ರೋಬೋ ಎಷ್ಟು ದುಬಾರಿಯಾದರೂ ಕೆಲವೇ ತಿಂಗಳಲ್ಲಿ ಮೂಲೆ ಸೇರುತ್ತದೆ.

ಈ ಯಂತ್ರದ ಇತಿಹಾಸವೇ ಈ ಮಾತಿಗೆ ಸಾಕ್ಷಿ. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ ‘ಟ್ರೈಲೋಬೈಟ್’ ಹೆಸರಿನ ರೋಬೋವನ್ನು 2001ರಲ್ಲಿ ಮಾರಾಟಕ್ಕೆ ತಂದಿತು. ಮರುವರ್ಷ ಅಮೆರಿಕದ ಐರೋಬೋಟ್ ಕಂಪನಿಯ ‘ರೂಂಬಾ’ ಸುಮಾರು 200 ಡಾಲರ್ ಬೆಲೆಗೆ ಬಂದು ಜನರ ಮನೆ ಹೊಕ್ಕಿತು. ಐರೋಬೋಟ್ ಕಟ್ಟಿದ ಮೂವರಲ್ಲಿ ಒಬ್ಬರಾದ ರಾಡ್ನಿ ಬ್ರೂಕ್ಸ್ ಎಂಐಟಿಯ ವಿಜ್ಞಾನಿ. ಲೋಕದ ನಕ್ಷೆಯನ್ನು ತಲೆಯಲ್ಲಿ ತುಂಬಿಕೊಳ್ಳದೆಯೇ, ಎದುರಾದದ್ದಕ್ಕೆ ಆಗಿಂದಾಗ್ಗೆ ಪ್ರತಿಕ್ರಿಯಿಸುತ್ತ ರೋಬೋ ಬದುಕಬಲ್ಲದು ಎಂಬುದು 1980ರ ದಶಕದಲ್ಲಿ ಅವರು ಮುಂದಿಟ್ಟ ವಿಚಾರ. ಮೊದಲ ರೂಂಬಾ ನಡೆದದ್ದು ಹಾಗೆಯೇ. ಸುರುಳಿ ಸುತ್ತುವುದು, ಗೋಡೆಗುಂಟ ಸಾಗುವುದು, ಡಿಕ್ಕಿ ಹೊಡೆದರೆ ತಿರುಗಿ ಇನ್ನೊಂದು ದಿಕ್ಕು ಹಿಡಿಯುವುದು. ಕಡಿಮೆ ಖರ್ಚಿನಲ್ಲಿ ಕೆಲಸ ಸಾಧಿಸಿದ ಆ ಜಾಣತನಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಆದರೆ ಒಂದೇ ಜಾಗ ಮತ್ತೆ ಮತ್ತೆ ಗುಡಿಸಿ ಇನ್ನೊಂದು ಮೂಲೆ ಬಿಟ್ಟುಬರುವ ದೋಷ ಅದರ ಹುಟ್ಟಿನಲ್ಲೇ ಇತ್ತು.

ಆ ದೋಷ ನೀಗಿದ್ದು ಲೇಸರ್ ಬಂದ ಮೇಲೆ. ನೀಟೋ ಕಂಪನಿ 2010ರಲ್ಲಿ ತಂದ ಯಂತ್ರದ ನೆತ್ತಿಯ ಮೇಲೆ ಗಿರಗಿರ ತಿರುಗುವ ಪುಟ್ಟ ಗೋಪುರವಿತ್ತು. ಅದು ಲೇಸರ್ ಬೀರಿ ಸುತ್ತಲಿನ ಗೋಡೆ, ಕಂಬ, ಕುರ್ಚಿಯ ಕಾಲುಗಳ ದೂರ ಅಳೆಯುತ್ತದೆ. ಮನೆಯ ನಕ್ಷೆ ಬಿಡಿಸುತ್ತಲೇ ಆ ನಕ್ಷೆಯಲ್ಲಿ ತಾನೆಲ್ಲಿದ್ದೇನೆ ಎಂದೂ ತಿಳಿಯುತ್ತದೆ. ಲೈಡಾರ್ ಎನ್ನುವುದು ಇದನ್ನೇ. ಹೊಲ ಉಳುವಂತೆ ಸಾಲಿನ ಪಕ್ಕ ಸಾಲು ಹಿಡಿದು ಗುಡಿಸುವ ಶಿಸ್ತು ಬಂದದ್ದು ಇದರಿಂದ. ಎರಡು ದಶಕಗಳಲ್ಲಿ ಈ ಯಂತ್ರಕ್ಕೆ ಆದ ದೊಡ್ಡ ಉಪಕಾರ ನನ್ನ ದೃಷ್ಟಿಯಲ್ಲಿ ಇದೊಂದೇ. ಹಾಗಾಗಿ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ: ದಾರಿ ಕಾಣುವ ಬಗೆ ಯಾವುದು? ಲೈಡಾರ್ ಇಲ್ಲದ ಅಗ್ಗದ ಮಾದರಿಗಳು ಒಂದು ಕೋಣೆಗೆ ಸಾಕಾದಾವು, ಎರಡು ಬೆಡ್‌ರೂಮಿನ ಮನೆಗೆ ಸಾಲವು.

ಇನ್ನು ನೆಲ. ಹೆಚ್ಚಿನ ರೋಬೋಗಳು ಹತ್ತಬಲ್ಲದ್ದು ಸುಮಾರು ಎರಡು ಸೆಂಟಿಮೀಟರ್. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಹಾಲಿನಿಂದ ಬೆಡ್‌ರೂಮಿಗೆ ಹೊಸ್ತಿಲೇ ಇರುವುದಿಲ್ಲ, ಅಲ್ಲಿ ತೊಂದರೆಯಿಲ್ಲ. ಮೈಸೂರು, ಧಾರವಾಡ, ಮಲೆನಾಡಿನ ಹಳೆಯ ಮನೆಗಳಿಗೆ ಬಂದರೆ ಕಥೆಯೇ ಬೇರೆ. ಕಾವಿ ನೆಲ ಈ ಯಂತ್ರಕ್ಕೆ ಹೇಳಿ ಮಾಡಿಸಿದ ನೆಲ, ನುಣುಪು, ಸಂದುಗಳಿಲ್ಲ. ಆದರೆ ಪ್ರತಿ ಬಾಗಿಲಿಗೂ ಎರಡು ಮೂರು ಇಂಚಿನ ಮರದ ಹೊಸ್ತಿಲು. ಮನೆ ಪೂರ್ತಿ ಗುಡಿಸಬೇಕಾದ ಯಂತ್ರ ಅಲ್ಲಿ ಕೋಣೆಯಿಂದ ಕೋಣೆಗೆ ಎತ್ತಿಕೊಂಡು ಹೋಗುವ ಕೂಸಾಗುತ್ತದೆ. ಇಳಿಜಾರಿನ ಮರದ ತುಂಡಿಟ್ಟು ದಾಟಿಸಬಹುದು. ಅರಿಸಿನ ಕುಂಕುಮ ಹಚ್ಚುವ ಹೊಸ್ತಿಲ ಮೇಲೆ ಚಕ್ರ ಹತ್ತಿಸಲು ಒಪ್ಪದ ಮನೆಗಳೂ ಉಂಟು, ಆ ಮನಸ್ಸನ್ನು ಗೌರವಿಸಿಯೇ ಲೆಕ್ಕ ಹಾಕಬೇಕು. ಈಚೆಗೆ ಮೈ ಎತ್ತಿಕೊಂಡು ನಾಲ್ಕು ಸೆಂಟಿಮೀಟರ್‌ಗೂ ಮಿಕ್ಕಿ ಹತ್ತುವ ಮಾದರಿಗಳು ಬಂದಿವೆ, ಬೆಲೆ ಮಾತ್ರ ಕೈಗೆಟುಕುವಂಥದ್ದಲ್ಲ.

ಎರಡನೆಯದು ಎತ್ತರ. ಗೋಪುರವಿರುವ ರೋಬೋ ಸಾಮಾನ್ಯವಾಗಿ ಒಂಬತ್ತೂವರೆ, ಹತ್ತು ಸೆಂಟಿಮೀಟರ್ ಇರುತ್ತದೆ. ಮಂಚದ ಕೆಳಗೆ, ದಿವಾನದ ಕೆಳಗೆ, ಸೋಫಾದ ಕೆಳಗೆ ಅಷ್ಟು ಸಂದಿದೆಯೇ? ಪೊರಕೆ ನಿತ್ಯ ಮುಟ್ಟದ ಜಾಗ ಇದೇ. ದಿನವೂ ಮಂಚದ ಕೆಳಗೆ ಹೊಕ್ಕು ದೂಳು ತೆಗೆಯುವುದು ಈ ಯಂತ್ರದ ಅತಿ ದೊಡ್ಡ ಗುಣ. ಅಲ್ಲಿಗೇ ನುಗ್ಗಲಾಗದ್ದನ್ನು ತಂದರೆ ಅದರಿಂದ ಏನು ಸುಖ?

ಮೂರನೆಯದನ್ನು ಮಾರುವವರು ಹೇಳುವುದೇ ಇಲ್ಲ. ಮೆಟ್ಟಿಲಿನಿಂದ ಬೀಳದಂತೆ ರೋಬೋದ ಹೊಟ್ಟೆಯ ಕೆಳಗೆ ಇನ್‌ಫ್ರಾರೆಡ್ ಸೆನ್ಸರ್‌ಗಳಿರುತ್ತವೆ. ನೆಲಕ್ಕೆ ಬಡಿದು ಹಿಂದಿರುಗುವ ಕಿರಣ ಸಿಕ್ಕಿದರೆ ನೆಲ ಇದೆ ಎಂದು ಅರ್ಥ, ಸಿಗದಿದ್ದರೆ ಮುಂದೆ ಪ್ರಪಾತ. ಕಪ್ಪು ಬಣ್ಣ ಆ ಕಿರಣವನ್ನು ಹೀರಿಕೊಂಡುಬಿಡುತ್ತದೆ. ಕಪ್ಪು ಗ್ರಾನೈಟಿಗೆ ಹೆಸರಾದ ನಾಡು ನಮ್ಮದು. ಬಾಗಿಲ ಪಟ್ಟಿ, ಹಾಲಿನ ಅಂಚು, ದೇವರ ಕೋಣೆಯ ಮುಂದಿನ ಚೌಕಕ್ಕೆ ಅದನ್ನೇ ಹಾಸುತ್ತೇವೆ. ಆ ಪಟ್ಟಿಯ ಮುಂದೆ ಬಂದ ರೋಬೋ ಗಕ್ಕನೆ ನಿಂತು, ಒಂದು ಗೇಣು ಹಿಂದೆ ಸರಿದು, ಪಕ್ಕಕ್ಕೆ ತಿರುಗಿ ಮತ್ತೆ ಪ್ರಯತ್ನಿಸಿ, ಕೊನೆಗೆ ಆ ಕೋಣೆಯನ್ನೇ ಬಿಟ್ಟು ಹೊರಡಬಹುದು. ಕೆಲವರು ಸೆನ್ಸರಿನ ಮೇಲೆ ಟೇಪು ಅಂಟಿಸುತ್ತಾರೆ. ಮೆಟ್ಟಿಲಿರುವ ಮನೆಯಲ್ಲಿ ಅದು ಅಪಾಯ. ಎಲ್ಲ ಕಪ್ಪು ಕಲ್ಲೂ ಹೀಗೆ ಮಾಡುವುದಿಲ್ಲ, ಎಲ್ಲ ಮಾದರಿಯೂ ಹೆದರುವುದಿಲ್ಲ. ಅದಕ್ಕೇ ಮನೆಗೆ ತಂದು ತೋರಿಸಿರೆಂದು ಕೇಳಬೇಕು, ವಾಪಸು ಕೊಡುವ ಅವಕಾಶವಿದ್ದಲ್ಲಿಯೇ ಕೊಳ್ಳಬೇಕು.

ಈಗ ಪ್ಯಾಸ್ಕಲ್ಲಿಗೆ ಬರೋಣ. ಅದು ಒತ್ತಡದ ಮಾನ. ಗಾಳಿ ಒಳಬರದಂತೆ ಬಾಯಿ ಮುಚ್ಚಿದಾಗ ಮೋಟಾರು ಎಷ್ಟು ಎಳೆಯಬಲ್ಲದು ಎಂದಷ್ಟೇ ಅದು ಹೇಳುತ್ತದೆ. ನಿಜವಾಗಿ ಗುಡಿಸುವಾಗ ರೋಬೋದ ಬಾಯಿಗೂ ನೆಲಕ್ಕೂ ನಡುವೆ ಸಂದಿರುತ್ತದೆ, ಅದರ ತುಂಬ ಗಾಳಿ ನುಗ್ಗುತ್ತದೆ. ಕಸವನ್ನು ಒಯ್ಯುವುದು ಆ ಗಾಳಿಯ ಹರಿವು. ಪೆಟ್ಟಿಗೆಯ ಮೇಲಿನ ಸಂಖ್ಯೆ ಅತಿ ಜೋರಿನ ಮೋಡ್‌ನಲ್ಲಿ ಅಳೆದದ್ದು. ಆ ಮೋಡ್‌ನಲ್ಲಿ ಸದ್ದೂ ಜೋರು, ಬ್ಯಾಟರಿಯೂ ಬೇಗ ಇಳಿಯುತ್ತದೆ. ದಪ್ಪ ಕಾರ್ಪೆಟ್ಟಿನ ಆಳದಿಂದ ದೂಳು ಎಳೆಯಬೇಕಾದ ದೇಶಗಳಲ್ಲಿ ಆ ಶಕ್ತಿಗೆ ಅರ್ಥವಿದೆ. ನಮ್ಮ ಟೈಲ್ಸ್, ಮೊಸಾಯಿಕ್, ಕಾವಿ ನೆಲಗಳ ಮೇಲಿನ ಒಣ ದೂಳಿಗೆ ನಾಲ್ಕೈದು ಸಾವಿರ ಪ್ಯಾಸ್ಕಲ್ ಸಾಕು. ಅದರಾಚೆಗೆ ಸುರಿಯುವ ಹಣವನ್ನು ಬ್ರಷ್ಷಿನ ಮೇಲೆ ಹಾಕುವುದು ಮೇಲು.

ಬ್ರಷ್ ಏಕೆ ಮುಖ್ಯ ಎಂದು ತಿಳಿಯಲು ವಾರ ಕೆಲಸ ಮಾಡಿದ ರೋಬೋವನ್ನು ಮಗುಚಿ ನೋಡಬೇಕು. ನಡುವಿನ ರೋಲರಿಗೆ ಉದ್ದ ಕೂದಲು ಬಳೆಬಳೆಯಾಗಿ ಬಿಗಿದಿರುತ್ತದೆ. ಮಲ್ಲಿಗೆ ಮುಡಿಯುವ ಮನೆಯಾದರೆ ಹೂ ಕಟ್ಟಿದ ದಾರ, ಬಾಳೆನಾರು ಅದರ ಜೊತೆ ಹೆಣೆದುಕೊಂಡಿರುತ್ತವೆ. ಅಂಚಿನ ಬೇರಿಂಗ್‌ವರೆಗೆ ಸರಿದು ಕೂತ ಕೂದಲನ್ನು ಕತ್ತರಿಯಿಂದ ಕತ್ತರಿಸಿ ಎಳೆಯದಿದ್ದರೆ ರೋಲರ್ ತಿರುಗುವುದೇ ನಿಂತುಹೋಗುತ್ತದೆ. ಕೂದಲಿನ ಬ್ರಷ್ಷಿಗಿಂತ ರಬ್ಬರ್ ರೆಕ್ಕೆಗಳ ರೋಲರ್ ಈ ಕಾಟವನ್ನು ಬಹಳಷ್ಟು ತಗ್ಗಿಸುತ್ತದೆ. ಅದನ್ನು ಸ್ಕ್ರೂ ಡ್ರೈವರ್ ಇಲ್ಲದೆ ಬಿಚ್ಚಿ ತೆಗೆಯುವಂತಿದೆಯೇ ಎಂದು ಅಂಗಡಿಯಲ್ಲೇ ಕೈಯಿಂದ ತೆಗೆದು ನೋಡಬೇಕು. ಇನ್ನೊಂದು ಮಾತು ರಂಗೋಲಿಯದು. ರಂಗೋಲಿ ಪುಡಿ ಅತಿ ನಯವಾದ ಕಲ್ಲಿನ ಪುಡಿ. ಒಳಗೆ ಹೋದರೆ ಫಿಲ್ಟರಿನ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ದೇವರ ಮುಂದೆ ರಂಗೋಲಿ ಇಡುವ ಮನೆಯವರು ಆ ಜಾಗವನ್ನು ಆ್ಯಪ್‌ನ ನಕ್ಷೆಯಲ್ಲಿ ನಿಷೇಧಿತ ವಲಯವೆಂದು ಗುರುತು ಮಾಡಲೇಬೇಕು. ಯಂತ್ರಕ್ಕೂ ಕ್ಷೇಮ, ರಂಗೋಲಿಗೂ ಕ್ಷೇಮ.

ಅತಿಯಾಗಿ ಹೊಗಳಿಸಿಕೊಂಡಿರುವ ಗುಣವೆಂದರೆ ಒರೆಸುವುದು. ನಮ್ಮಲ್ಲಿ ಗುಡಿಸಿದರೆ ಅರ್ಧ ಕೆಲಸ, ಒರೆಸಿದರೇ ಪೂರ್ತಿ. ಇದು ಗೊತ್ತಿದ್ದೇ ಇಲ್ಲಿ ಮಾರುವ ಬಹುತೇಕ ರೋಬೋಗಳಿಗೆ ಒದ್ದೆ ಬಟ್ಟೆ ಅಂಟಿಸಿರುತ್ತಾರೆ. ಅಗ್ಗದವುಗಳಲ್ಲಿ ಇನ್ನೂರು ಮುನ್ನೂರು ಮಿಲಿಲೀಟರ್ ನೀರಿನ ಟ್ಯಾಂಕು, ಹಿಂದೆ ಎಳೆದುಕೊಂಡು ಹೋಗುವ ಒಂದು ಬಟ್ಟೆ. ಮೊದಲ ಕೋಣೆ ದಾಟುವಷ್ಟರಲ್ಲಿ ಬಟ್ಟೆ ಕೊಳೆಯಾಗಿ, ಎರಡನೆಯದರಲ್ಲಿ ಆ ಕೊಳೆಯನ್ನೇ ಬಳಿಯುತ್ತದೆ. ಒತ್ತಿ ತಿರುಗುವ ಎರಡು ಪ್ಯಾಡ್‌ಗಳು, ತನ್ನನ್ನು ತಾನೇ ತೊಳೆದುಕೊಳ್ಳುವ ರೋಲರ್ ಇರುವ ಮೇಲಿನ ಮಾದರಿಗಳು ಎಷ್ಟೋ ವಾಸಿ. ಆದರೂ ಒಗ್ಗರಣೆ ಸಿಡಿದ ಜಿಡ್ಡು, ಒಣಗಿ ಗಟ್ಟಿಯಾದ ದೋಸೆ ಹಿಟ್ಟಿನ ಹನಿ, ಇವುಗಳ ಮುಂದೆ ಬಗ್ಗಿ ಉಜ್ಜುವ ಕೈಗೆ ಸಾಟಿ ಇಲ್ಲ. ಫಿನಾಯಿಲ್ ಹಾಕಿ ಒರೆಸದೆ ಸಮಾಧಾನವಾಗದವರಿಗೆ ಇನ್ನೊಂದು ತೊಡಕು: ಹೆಚ್ಚಿನ ತಯಾರಕರು ಟ್ಯಾಂಕಿಗೆ ಅದನ್ನು ಹಾಕಕೂಡದು ಎಂದು ಕೈಪಿಡಿಯಲ್ಲೇ ಎಚ್ಚರಿಸಿರುತ್ತಾರೆ. ಬೋರ್‌ವೆಲ್ಲಿನ ಗಡಸು ನೀರು ಒಳಗಿನ ಸಣ್ಣ ನಳಿಕೆಗಳಲ್ಲಿ ಬಿಳಿ ಪದರ ಕಟ್ಟುತ್ತದೆ. ಪ್ಯಾಡ್ ತೊಳೆದು ಒಣಗಿಸುವ ದೊಡ್ಡ ಡಾಕ್ ಇದ್ದರೂ ಅದರ ಕೊಳೆ ನೀರನ್ನು ನಾವೇ ಚೆಲ್ಲಬೇಕು. ಎರಡು ದಿನ ಬಿಟ್ಟರೆ ನಾರುತ್ತದೆ. ಆದ್ದರಿಂದ ಗುಡಿಸುವ ರೋಬೋ ಕೊಳ್ಳಿ, ಒರೆಸುವುದನ್ನು ಕೊಸರು ಎಂದು ತಿಳಿಯಿರಿ.

ಮನೆಯೊಳಗೆ ಕಣ್ಣು ಬಿಟ್ಟುಕೊಂಡು ಓಡಾಡುವ ಯಂತ್ರದ ಬಗ್ಗೆ ಇನ್ನೂ ಗಂಭೀರವಾದ ಮಾತಿದೆ. ಐರೋಬೋಟ್‌ನ ಪರೀಕ್ಷಾ ಹಂತದ ಯಂತ್ರಗಳು ತೆಗೆದ ಮನೆಯೊಳಗಿನ ಚಿತ್ರಗಳು, ಶೌಚಾಲಯದಲ್ಲಿದ್ದ ಮಹಿಳೆಯ ಚಿತ್ರವೂ ಸೇರಿ, ಚಿತ್ರಗಳಿಗೆ ಗುರುತು ಹಚ್ಚುವ ಗುತ್ತಿಗೆ ಕೆಲಸಗಾರರ ಕೈಯಿಂದ ಸಾಮಾಜಿಕ ಜಾಲತಾಣಕ್ಕೆ ಸೋರಿದ್ದನ್ನು ‘ಎಂಐಟಿ ಟೆಕ್ನಾಲಜಿ ರಿವ್ಯೂ’ 2022ರ ಡಿಸೆಂಬರ್‌ನಲ್ಲಿ ಬಯಲಿಗಿಟ್ಟಿತು. 2024ರಲ್ಲಿ ಅಮೆರಿಕದ ಕೆಲವು ಮನೆಗಳಲ್ಲಿ ಇಕೋವ್ಯಾಕ್ಸ್ ರೋಬೋಗಳನ್ನು ಹ್ಯಾಕರ್‌ಗಳು ವಶಪಡಿಸಿಕೊಂಡು, ಅವುಗಳ ಸ್ಪೀಕರಿನಿಂದ ಮನೆಯವರನ್ನು ಬೈದರು. ಕಾಲೊರೆಸು, ಚಪ್ಪಲಿ, ವೈರುಗಳನ್ನು ಗುರುತಿಸಲು ಕ್ಯಾಮೆರಾ ಒಳ್ಳೆಯದೇ. ಆದರೆ ಬೆಡ್‌ರೂಮಿನವರೆಗೆ ಅದನ್ನು ಬಿಟ್ಟುಕೊಳ್ಳುವಷ್ಟು ಆ ಸೌಕರ್ಯ ದೊಡ್ಡದಲ್ಲ. ನೆಲದ ಮೇಲಿನ ವೈರನ್ನು ಎತ್ತಿಡುವುದು ನಮ್ಮ ಕೈಯಲ್ಲಾಗುವ ಕೆಲಸ. ಕ್ಯಾಮೆರಾ ಇಲ್ಲದ, ಲೈಡಾರ್ ಮಾತ್ರ ಇರುವ ಯಂತ್ರವೇ ಮನೆಗೆ ಲೇಸು.

ಕಂಪನಿಗಳ ಆಯುಸ್ಸೂ ನೋಡಬೇಕಾದದ್ದೇ. ಲೇಸರ್ ತಂದ ನೀಟೋ 2023ರಲ್ಲಿ ಬಾಗಿಲು ಹಾಕಿತು. ಕ್ಲೌಡ್ ಸೇವೆ ಐದು ವರ್ಷ ನಡೆಯುತ್ತದೆ ಎಂಬ ಭರವಸೆ ಇದ್ದರೂ, 2025ರಲ್ಲೇ ಅದು ನಿಂತಿತು. ಗಟ್ಟಿಮುಟ್ಟಾಗಿದ್ದ ಯಂತ್ರಗಳು ಆ್ಯಪ್ ಕಳೆದುಕೊಂಡು ಬರಿಯ ಗುಂಡಿಯಿಂದ ನಡೆಯುವಂತಾದವು. ಐರೋಬೋಟನ್ನು ಕೊಳ್ಳಲು ಮುಂದಾಗಿದ್ದ ಅಮೆಜಾನ್ 2024ರ ಜನವರಿಯಲ್ಲಿ ಹಿಂದೆ ಸರಿಯಿತು. 2025ರ ಡಿಸೆಂಬರ್‌ನಲ್ಲಿ ಐರೋಬೋಟ್ ದಿವಾಳಿ ಅರ್ಜಿ ಹಾಕಿ, ತನಗೆ ಯಂತ್ರ ತಯಾರಿಸಿಕೊಡುತ್ತಿದ್ದ ಚೀನೀ ಕಂಪನಿಯ ಕೈಗೆ ಹೋಗಲು ಒಪ್ಪಿತು. ಇಂಟರ್‌ನೆಟ್ ಇಲ್ಲದಿದ್ದರೂ ಮೈಮೇಲಿನ ಗುಂಡಿ ಒತ್ತಿದರೆ ಗುಡಿಸುತ್ತದೆಯೇ, ಬ್ಯಾಟರಿ, ಫಿಲ್ಟರ್, ಪಕ್ಕದ ಬ್ರಷ್ ಬಿಡಿಯಾಗಿ ಸಿಗುತ್ತವೆಯೇ, ರಿಪೇರಿಯವರು ನಮ್ಮ ಊರಿಗೆ ಬರುತ್ತಾರೆಯೇ ಎಂದು ಕೇಳುವುದು ಈ ಕಾರಣಕ್ಕೆ. ಬೆಂಗಳೂರಿನಲ್ಲಿ ಸರ್ವಿಸ್ ಇದೆ ಎಂಬ ಮಾತು ಶಿರಸಿಯವರಿಗೂ ರಾಯಚೂರಿನವರಿಗೂ ಉತ್ತರವಲ್ಲ.

ಕೊನೆಯದಾಗಿ, ಇದುವರೆಗೆ ಈ ನೆಲವನ್ನು ಯಾರು ಗುಡಿಸುತ್ತ ಬಂದಿದ್ದಾರೆ ಎಂಬ ಪ್ರಶ್ನೆ. ಕೆಲಸದವರ ಸಂಬಳ ಉಳಿಯುತ್ತದೆ ಎಂದು ಲೆಕ್ಕ ತೋರಿಸಿ ರೋಬೋ ಮಾರುವವರಿದ್ದಾರೆ. ಆ ಲೆಕ್ಕ ಸುಳ್ಳು, ನ್ಯಾಯವೂ ಅಲ್ಲ. ಪಾತ್ರೆ, ಬಚ್ಚಲು, ಮೆಟ್ಟಿಲು, ಅಡುಗೆಕಟ್ಟೆ, ಯಾವುದೂ ಈ ಯಂತ್ರಕ್ಕೆ ಸೇರಿದ್ದಲ್ಲ. ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ 2004ರಲ್ಲೇ ತಂದ ರಾಜ್ಯ ನಮ್ಮದು. ಆ ಕೂಲಿಯನ್ನು ಸರಿಯಾಗಿ ಕೊಡುವುದಕ್ಕೆ ರೋಬೋ ಬದಲಿಯಾಗಬಾರದು. ಯಂತ್ರ ನಿಜವಾಗಿ ಆಸರೆಯಾಗುವುದು ಮಂಡಿ ನೋವಿನಿಂದ ಬಗ್ಗಲಾಗದ ಹಿರಿಯರಿಗೆ, ಪೊರಕೆ ಎಬ್ಬಿಸುವ ದೂಳಿಗೆ ಸೀನು ಹತ್ತುವವರಿಗೆ, ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಸಂಜೆ ಬಂದು ಪೊರಕೆ ಹಿಡಿಯಬೇಕಾದ ಹೆಂಗಸಿಗೆ. ಅವರಿಗೆ ಆಗುವ ಉಪಕಾರ ಸಣ್ಣದಲ್ಲ. ಅದೊಂದೇ ಕಾರಣಕ್ಕೆ ಈ ಯಂತ್ರ ನಮ್ಮ ಮನೆಗಳಿಗೆ ಬರಲಿ ಎಂದು ನಾನು ಬಯಸುತ್ತೇನೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಹೊಸ್ತಿಲು ತಗ್ಗಾಗಿರುವ ಎರಡು ಮೂರು ಕೋಣೆಯ ಮನೆಗೆ ಲೈಡಾರ್, ರಬ್ಬರ್ ರೋಲರ್, ತೊಳೆಯಬಹುದಾದ ಫಿಲ್ಟರ್, ನಿಷೇಧಿತ ವಲಯ ಗುರುತಿಸುವ ಸೌಲಭ್ಯ ಇರುವ ಮಧ್ಯಮ ಬೆಲೆಯ ಯಂತ್ರ ಸಾಕು. ಕಸವನ್ನು ತಾನೇ ಚೀಲಕ್ಕೆ ತುಂಬಿಕೊಳ್ಳುವ ಡಾಕ್ ಕಸ ಚೆಲ್ಲಲು ಬಗ್ಗಲಾಗದವರಿಗೆ ಬೇಕು, ಉಳಿದವರಿಗೆ ಚೀಲ ಕೊಳ್ಳುವ ಖರ್ಚು ಮಾತ್ರ. ಎತ್ತರದ ಹೊಸ್ತಿಲ ಮನೆಯವರು, ನೆಲದ ತುಂಬ ಚಾಪೆ, ಹಾಸಿಗೆ, ಆಟಿಕೆ ಹರಡಿರುವ ಮನೆಯವರು ಸದ್ಯಕ್ಕೆ ಕೊಳ್ಳದಿರುವುದೇ ಒಳ್ಳೆಯದು. ಆ ಹಣಕ್ಕೆ ಒಳ್ಳೆಯ ಕೈಯ ವ್ಯಾಕ್ಯೂಮ್ ಬಂದೀತು.

ತಯಾರಕರಿಂದಲೂ ನಾವು ಕೇಳಬೇಕಾದದ್ದಿದೆ. ಕೇಂದ್ರ ಸರ್ಕಾರ 2022ರ ಕೊನೆಯಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ರೋಬೋಗಳೂ ಆ ಮಾತಿಗೆ ಬದ್ಧವಾಗಲಿ. ಎಷ್ಟು ಎತ್ತರದ ಹೊಸ್ತಿಲು ಹತ್ತುತ್ತದೆ, ಕಪ್ಪು ಕಲ್ಲಿನ ಮೇಲೆ ನಡೆಯುತ್ತದೆಯೇ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಇಂಟರ್‌ನೆಟ್ ಇಲ್ಲದೆ ಯಾವ ಕೆಲಸ ನಡೆಯುತ್ತದೆ ಎಂಬುದನ್ನು ಪ್ಯಾಸ್ಕಲ್ ಅಚ್ಚು ಹಾಕಿದಷ್ಟೇ ದಪ್ಪಕ್ಷರದಲ್ಲಿ ಪೆಟ್ಟಿಗೆಯ ಮೇಲೆ ಅಚ್ಚು ಹಾಕಲಿ. ಅದನ್ನು ಕೇಳಿ ಕೊಳ್ಳುವವರು ಹೆಚ್ಚಾದರೆ ಯಂತ್ರಗಳೂ ಸುಧಾರಿಸುತ್ತವೆ.