ಹುರಿಹಿಟ್ಟಿನ ಹದ

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆ ಹುರಿಹಿಟ್ಟಿನ ಡಬ್ಬಿಯೊಂದಿದ್ದರೆ ಹೇಳದೆ ಬರುವ ನೆಂಟರಿಗೆ ಹೆದರಬೇಕಿಲ್ಲ. ಅದನ್ನು ಮಾಡುವವರ ಕೈಚಳಕ ನೋಡಬೇಕು! ರಾಗಿಗೆ ನೀರು ಚಿಮುಕಿಸಿ ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಬೆಳಗ್ಗೆ ನೆರಳಲ್ಲಿ ಆರಹಾಕಿ, ಆಗಾಗ ಮುಷ್ಟಿಯಲ್ಲಿ ಹಿಡಿದು ಬಿಡುತ್ತಾರೆ. ಕಾಳು ಅಂಗೈಗೆ ಅಂಟಬಾರದು, ಒಳಗೆ ತಂಪು ಉಳಿದಿರಬೇಕು. ತೇವ ಹೆಚ್ಚಾದರೂ ಅರಳದು, ಪೂರ್ತಿ ಒಣಗಿದರೂ ಅರಳದು. ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಹಿಡಿ ಬಿದ್ದಂತೆ ಚಟಪಟ ಸದ್ದು. ಕೆಂಪು ಕಾಳು ಬಿರಿದು ಬೆಳ್ಳಗಾಗುತ್ತದೆ. ಸದ್ದು ತಗ್ಗಿತೋ, ತಕ್ಷಣ ಇಳಿಸಬೇಕು. ಹುರಿಗಡಲೆ, ಏಲಕ್ಕಿ ಸೇರಿಸಿ ಬೀಸಿ ಜರಡಿ ಹಿಡಿದರೆ ಮುಗಿಯಿತು. ಕಾಳು ಆಗಲೇ ಬೆಂದಿರುವುದರಿಂದ ತಿನ್ನುವಾಗ ಒಲೆ ಹಚ್ಚುವ ಕೆಲಸವಿಲ್ಲ. ಹಾಲು-ಬೆಲ್ಲಕ್ಕೂ ಸೈ, ಮಜ್ಜಿಗೆ-ಈರುಳ್ಳಿಗೂ ಸೈ, ತುಪ್ಪದ ಉಂಡೆಗೂ ಸೈ. ಅಂಗಡಿಯ ಯಾವ ರೆಡಿ ಮಿಕ್ಸೂ ಇದರ ಮುಂದೆ ಸಪ್ಪೆಯೇ.