ಮನಸ್ಸಿನ ಮಂಡಿಗೆ

ಮುಂಜಾನೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಿಂದ ಇಳಿದು ಬಂದ ತಂಗಿಯ ಮಗಳು ಮುಖ ತೊಳೆಯುವ ಮೊದಲೇ ಬ್ಯಾಗಿನಿಂದ ಒಂದು ಪುಸ್ತಕ ತೆಗೆದು ನನ್ನ ಕೈಗಿಟ್ಟಳು. ಮುಖಪುಟದ ಮೇಲೆ ಬೆಕ್ಕು. "ಮಾವಶಿ, ಇದನ್ನ ಓದು. ಎದಿ ತಂಪಾಗ್ತದ" ಅಂದಳು. ಬೆಂಗಳೂರಿನಲ್ಲಿ ಅವಳ ವಾರಿಗೆಯವರೆಲ್ಲ ಈಗ ಓದುವುದು ಇಂಥವನ್ನೇ ಅಂತೆ. ಜಪಾನಿನಿಂದ ಇಂಗ್ಲಿಷಿಗೆ ಬಂದ ತೆಳ್ಳನೆಯ ಕಾದಂಬರಿಗಳು. ಒಂದು ಸಣ್ಣ ಖಾನಾವಳಿಯೋ ಕಾಫಿ ಅಂಗಡಿಯೋ ಇರುತ್ತದೆ. ಯಾರೋ ದುಃಖ ಹೊತ್ತುಕೊಂಡು ಬರುತ್ತಾರೆ, ಏನೋ ತಿನ್ನುತ್ತಾರೆ, ಹಗುರಾಗಿ ಎದ್ದು ಹೋಗುತ್ತಾರೆ. ಬೆಕ್ಕು ಮಲಗಿರುತ್ತದೆ.

ಅವಳು ತಂದದ್ದು ಹಿಸಾಶಿ ಕಾಶಿವಾಯಿ ಬರೆದ 'ದಿ ಕಾಮೊಗಾವಾ ಫುಡ್ ಡಿಟೆಕ್ಟಿವ್ಸ್'. ಜಪಾನಿಯಲ್ಲಿ 2013ರಲ್ಲಿ ಬಂದದ್ದು, ಇಂಗ್ಲಿಷಿಗೆ ಬರಲು ಹತ್ತು ವರ್ಷ ಹಿಡಿಯಿತು. ಕ್ಯೋಟೋದ ಒಂದು ಓಣಿಯಲ್ಲಿ ಬೋರ್ಡೇ ಇಲ್ಲದ ಖಾನಾವಳಿ. ನಡೆಸುವವನು ನಾಗಾರೆ, ನಿವೃತ್ತ ಪೊಲೀಸ್. ಜೊತೆಗೆ ಮಗಳು ಕೊಯಿಶಿ. ಊಟದ ಪತ್ರಿಕೆಯೊಂದರಲ್ಲಿ ಒಂದೇ ಸಾಲಿನ ಜಾಹೀರಾತು. ಅದನ್ನು ಹಿಡಿದುಕೊಂಡು ಹುಡುಕಿ ಬಂದವರು ತಾವು ಎಂದೋ ಉಂಡ, ಮತ್ತೆಲ್ಲೂ ಸಿಗದ ಒಂದು ಅಡುಗೆಯ ಬಗ್ಗೆ ಹೇಳುತ್ತಾರೆ. ನಾಗಾರೆ ಆ ರುಚಿಯ ಜಾಡು ಹಿಡಿದು ಹೋಗುತ್ತಾನೆ. ಎರಡು ವಾರ ಬಿಟ್ಟು ಅವರು ಮತ್ತೆ ಬಂದಾಗ ಮೇಜಿನ ಮೇಲೆ ಅದೇ ಅಡುಗೆ ಹಬೆಯಾಡುತ್ತಿರುತ್ತದೆ.

ಮೊದಲ ಕತೆಯಲ್ಲಿ ಬರುವವನು ನಾಗಾರೆಯ ಹಳೆಯ ಸಹೋದ್ಯೋಗಿ. ಹೆಂಡತಿ ತೀರಿಕೊಂಡಿದ್ದಾಳೆ, ಇಳಿವಯಸ್ಸಿನಲ್ಲಿ ಮತ್ತೊಂದು ಮದುವೆಯಾಗುವವನಿದ್ದಾನೆ. ಆದರೆ ತೀರಿಹೋದವಳು ಮಾಡುತ್ತಿದ್ದ ಉದೊನ್, ಅಂದರೆ ದಪ್ಪ ಶಾವಿಗೆಯ ಬಿಸಿ ಸಾರು, ನಾಲಿಗೆ ಬಿಟ್ಟು ಹೋಗಿಲ್ಲ. ನಾನು ಇದನ್ನು ಓದಿದ್ದು ರಾತ್ರಿ ಹನ್ನೊಂದಕ್ಕೆ. ಕಣ್ಣು ಒದ್ದೆಯಾದದ್ದು ಸುಳ್ಳಲ್ಲ. ನೆನಪು ಅಂದರೆ ಬರೀ ಭಾವನೆ ಅಲ್ಲ, ಅದಕ್ಕೆ ವಿಳಾಸ ಇರುತ್ತದೆ, ಯಾವ ನೀರು, ಯಾವ ಅಂಗಡಿಯ ಸಾಮಾನು, ಯಾವುದನ್ನು ಮೊದಲು ಹಾಕಿದರು ಅನ್ನುವ ಲೆಕ್ಕ ಇರುತ್ತದೆ ಅನ್ನುವುದನ್ನು ಈ ಲೇಖಕ ಚೆನ್ನಾಗಿ ಬಲ್ಲ. ನಮ್ಮ ಭಾವುಕ ಬರಹಗಾರರು ಅವನಿಂದ ಇಷ್ಟು ಕಲಿತರೂ ಸಾಕು. ನಮ್ಮಲ್ಲಿ 'ಅಜ್ಜಿಯ ಕೈರುಚಿ' ಎಂದು ಬರೆದು ಮುಂದೆ ಮೂರು ಚುಕ್ಕಿ ಇಟ್ಟರೆ ಕೆಲಸ ಮುಗೀತು.

ಎರಡನೇ ಕತೆ, ಮೂರನೇ ಕತೆ ಅಂತ ಹೋದಂತೆ ನನಗೆ ಒಂದು ಅನುಮಾನ ಶುರುವಾಯಿತು. ನಾಗಾರೆ ಸೋಲುವುದೇ ಇಲ್ಲ. ಕೇಳಿದ ರುಚಿ ಸಿಕ್ಕೇ ಸಿಗುತ್ತದೆ, ಸಿಕ್ಕಿದ ಮೇಲೆ ತಿಂದವರಿಗೆ ಸಮಾಧಾನ ಆಗಿಯೇ ಆಗುತ್ತದೆ. ತೊಶಿಕಾಝು ಕಾವಾಗುಚಿಯ 'ಬಿಫೋರ್ ದಿ ಕಾಫಿ ಗೆಟ್ಸ್ ಕೋಲ್ಡ್' ಇದಕ್ಕಿಂತ ಸ್ವಲ್ಪ ಬಿಗಿ. ಅಲ್ಲಿ ಹಿಂದಿನ ಕಾಲಕ್ಕೆ ಹೋಗಿ ಬರಬಹುದು, ಆದರೆ ಏನೇ ಮಾಡಿದರೂ ಇವತ್ತಿನದು ಬದಲಾಗುವುದಿಲ್ಲ ಅನ್ನುವ ನಿಯಮ ಇದೆ. ಆದರೂ ಹೋಗಿಬಂದವರ ಮನಸ್ಸು ತಿಳಿಯಾಗುತ್ತದೆ. ಒಟ್ಟಿನಲ್ಲಿ ಗಿರಾಕಿ ಬರಿಗೈಯಲ್ಲಿ ಹೋಗುವ ಹಾಗಿಲ್ಲ.

ನಾನೇ ಆ ಖಾನಾವಳಿಗೆ ಹೋದರೆ ಏನು ಕೇಳುತ್ತಿದ್ದೆ? ಯೋಚನೆ ಮಾಡುವ ಅಗತ್ಯವೇ ಬೀಳಲಿಲ್ಲ. ಖಾನಾಪುರದ ನಮ್ಮ ಅಜ್ಜಿಮನೆಯ ಮಂಡಿಗೆ.

ಬೆಳಗಾವಿ ಅಂದರೆ ಹೊರಗಿನವರಿಗೆ ಕುಂದಾ. (ಒಲೆಯ ಮೇಲೆ ಹಾಲಿಟ್ಟು ಮರೆತದ್ದರಿಂದ ಕುಂದಾ ಹುಟ್ಟಿತು ಅಂತ ಊರಲ್ಲಿ ಕತೆ ಹೇಳ್ತಾರೆ. ನೆನಪಿನ ಕಾದಂಬರಿಗಳ ನಡುವೆ ಮರೆವಿನ ಸಿಹಿ!) ನಮಗೆ ಮದುವೆ ಅಂದರೆ ಮಂಡಿಗೆ. ಕಣಕವನ್ನು ತಾಸುಗಟ್ಟಲೆ ನಾದಬೇಕು. ಒಳಗೆ ಸಕ್ಕರೆಹಿಟ್ಟು, ತುಪ್ಪ, ಏಲಕ್ಕಿಯ ಹೂರಣ. ಲಟ್ಟಿಸಿದ್ದನ್ನು ಎರಡೂ ಕೈ ಮೇಲೆ ತಿರುವುತ್ತಾ ತಿರುವುತ್ತಾ ಧೋತರದಷ್ಟು ತೆಳ್ಳಗೆ ಹಿಗ್ಗಿಸಿ, ಉರಿಯ ಮೇಲೆ ಬೋರಲು ಹಾಕಿದ ಗಡಿಗೆಯ ಬೆನ್ನಿಗೆ ಹೊದಿಸಬೇಕು. ಬಿಸಿ ಇರುವಾಗಲೇ ಮಡಚಬೇಕು, ಒಂದು ಕ್ಷಣ ತಡವಾದರೆ ಹಪ್ಪಳದ ಹಾಗೆ ಮುರೀತದೆ. ಮನೆಯಲ್ಲಿ ಎಲ್ಲರಿಗೂ ಬರುವ ವಿದ್ಯೆ ಅಲ್ಲ. ಅದಕ್ಕೇ ಇರಬೇಕು, ಆಗದ ಹೋಗದ ಕನಸು ಕಾಣುವವರಿಗೆ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಾನೆ ಅನ್ನುವುದು. ಮರಾಠಿಯಲ್ಲೂ ಇದೇ ಮಾತಿದೆ. ಗಡಿ ಯಾವುದೇ ಇರಲಿ, ಸಿಗದ ಸಿಹಿ ಎರಡೂ ಕಡೆ ಅದೇ.

ನಾಗಾರೆಗೆ ಈ ಕೇಸು ಕಷ್ಟವೇನಲ್ಲ. ಖಾನಾಪುರಕ್ಕೆ ಬಂದು ಇಳಿಯುತ್ತಾನೆ. ಅಲ್ಲಿನ ಮಣ್ಣಿನ ಕೆಲಸಕ್ಕೆ ಮೊದಲಿಂದ ಹೆಸರಿದೆ, ಗಡಿಗೆ ಎಲ್ಲಿಯದು ಅಂತ ಕಂಡುಹಿಡಿಯುತ್ತಾನೆ. ಮಲಪ್ರಭೆ ಅದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ, ನೀರು ರುಚಿ ನೋಡುತ್ತಾನೆ. ಯಾವ ಕಟ್ಟಿಗೆ, ಯಾವ ಎಮ್ಮೆಯ ತುಪ್ಪ, ಎಲ್ಲ ಬರೆದುಕೊಳ್ಳುತ್ತಾನೆ. ಆಮೇಲೆ, ಪೊಲೀಸನಲ್ಲವೇ, ಕೇಳಿಯೇ ಕೇಳುತ್ತಾನೆ: ಗೋಧಿ ಹಸನು ಮಾಡಿದವರು ಯಾರು? ಬೀಸಿ, ಅರಿವೆಯಲ್ಲಿ ಸೋಸಿ ಅಷ್ಟು ನುಣ್ಣಗೆ ಮಾಡಿದವರು ಯಾರು?

ಮಾವಶಿ.

ನನ್ನ ತಂಗಿಯ ಮಗಳು ನನ್ನನ್ನು ಕರೆಯುವುದು ಹೀಗೇ. ಮರಾಠಿಯಲ್ಲಿ ತಾಯಿಯ ಅಕ್ಕತಂಗಿಯರಿಗೆ ಈ ಹೆಸರು. ನಮ್ಮ ಕಡೆಯ ಕನ್ನಡದ ಮನೆಗಳಿಗೂ ಬಂದು ಕೂತಿದೆ. ಮನೆಕೆಲಸಕ್ಕೆ ಬರುವ ಹೆಂಗಸಿಗೂ ಇದೇ ಹೆಸರು. ಅಜ್ಜಿಮನೆಯ ಮಾವಶಿ ಹಿತ್ತಲ ಬಾಗಿಲಿಂದ ಬರುತ್ತಿದ್ದಳು. ಗೋಧಿ ಅವಳ ಕೈ ದಾಟಿಯೇ ಹಿಟ್ಟಾಗುತ್ತಿತ್ತು. ಹಿಟ್ಟಿಗೆ ನೀರು ಬಿದ್ದ ಮೇಲೆ ಮಾತ್ರ ಅವಳು ಮುಟ್ಟುವ ಹಾಗಿರಲಿಲ್ಲ, ಅಡುಗೆಮನೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಅವಳ ಚಹಾದ ಬಟ್ಟಲು ಹಿತ್ತಲಿನ ಗೂಡಿನಲ್ಲಿ ಬೇರೆಯೇ ಇತ್ತು. ಚಿಕ್ಕಮ್ಮ ಅಂತ ಕರೆದು ಹೊರಗೆ ಕೂರಿಸುವುದು ಒಂದೇ ಉಸಿರಿನಲ್ಲಿ ನಡೆಯುತ್ತಿತ್ತು.

ಅಂದರೆ ನಾನು ತಿರುಗಿ ಬೇಕು ಅನ್ನುತ್ತಿರುವ ರುಚಿಯಲ್ಲಿ ಆ ಹೊಸ್ತಿಲೂ ಒಂದು ಸಾಮಾನು. ಅದನ್ನೂ ನಾಗಾರೆ ತಂದು ಬಡಿಸುತ್ತಾನಾ?

ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳದ ಒಂದು ಜಪಾನಿ ಕಾದಂಬರಿ ಇದೆ. ಅಂಗಡಿಯವರು ಅದನ್ನೂ ಇದೇ ಬೆಕ್ಕಿನ ಸಾಲಿನಲ್ಲೇ ಇಡುತ್ತಾರೆ. ದುರಿಯನ್ ಸುಕೆಗಾವಾ ಬರೆದ 'ಸ್ವೀಟ್ ಬೀನ್ ಪೇಸ್ಟ್'. ಇದೂ 2013ರದ್ದೇ. ಜಪಾನಿ ಹೆಸರು 'ಆನ್', ಅಂದರೆ ಕಾಳು ಬೇಯಿಸಿ ಮಾಡಿದ ಸಿಹಿ ಹೂರಣ. ಜೈಲಿಗೆ ಹೋಗಿ ಬಂದು ಸಾಲ ತೀರಿಸಲಿಕ್ಕಾಗಿ ದೊರಾಯಾಕಿ ಅಂಗಡಿಯಲ್ಲಿ ದುಡಿಯುವ ಸೆಂತಾರೊ. ಎರಡು ಪುಟ್ಟ ದೋಸೆಗಳ ನಡುವೆ ಹೂರಣ ಇಟ್ಟು ಮಾರುತ್ತಾನೆ, ಹೂರಣ ಮಾತ್ರ ಡಬ್ಬಿಯದು. ಅಲ್ಲಿಗೆ ಎಪ್ಪತ್ತಾರರ ತೊಕುಎ ಕೆಲಸ ಕೇಳಿಕೊಂಡು ಬರುತ್ತಾಳೆ. ಅವಳ ಬೆರಳುಗಳು ಸೊಟ್ಟ. ಅವಳು ಮಾಡಿದ ಹೂರಣಕ್ಕೆ ಜನ ಸಾಲುಗಟ್ಟುತ್ತಾರೆ. ಕಾಳು ಎಲ್ಲಿಂದ ಬಂತು, ಎಂಥ ಮಳೆ ಬಿಸಿಲು ಕಂಡಿತು ಅಂತ ಅದರ ಮಾತಿಗೆ ಕಿವಿಗೊಟ್ಟು ಬೇಯಿಸುವವಳು. ಅವಳಿಗೆ ಹಿಂದೆ ಕುಷ್ಠರೋಗ ಇತ್ತು ಅನ್ನುವ ಸುದ್ದಿ ಹಬ್ಬುತ್ತದೆ. ಸಾಲು ಕರಗುತ್ತದೆ. ರೋಗ ವಾಸಿಯಾಗಿ ಎಷ್ಟೋ ವರ್ಷವಾಗಿದೆ, ಹೂರಣ ಅದೇ, ಕೈ ಅದೇ. ಕುಷ್ಠರೋಗಿಗಳನ್ನು ಬೇರೆ ಇಡುವ ಕಾಯಿದೆ ಜಪಾನಿನಲ್ಲಿ ರದ್ದಾದದ್ದು 1996ರಲ್ಲಿ. ತೊಕುಎ ಹುಡುಗಿಯಾಗಿದ್ದಾಗ ಒಳಗೆ ಹೋದವಳು.

ನವೊಮಿ ಕವಾಸೆ 2015ರಲ್ಲಿ ಇದನ್ನು ಸಿನಿಮಾ ಮಾಡಿದರು. ಚೆಂದ ಇದೆ, ಚೆರ್ರಿ ಹೂ ಒಂಚೂರು ಜಾಸ್ತಿಯಾಯಿತು. ಪುಸ್ತಕವೂ ಕೊನೆಕೊನೆಗೆ ಉಪದೇಶಕ್ಕೆ ಇಳಿಯುತ್ತದೆ. ಆದರೂ ನನಗೆ ಇದು ದೊಡ್ಡದು ಅನ್ನಿಸುವುದು ಒಂದೇ ಕಾರಣಕ್ಕೆ: ತಿನ್ನುವವನ ಸಮಾಧಾನವನ್ನು ಮಾತ್ರ ನೋಡದೆ, ಯಾರ ಕೈಯಿಂದ ತಿಂದೆ, ಗೊತ್ತಿದ್ದರೆ ತಿನ್ನುತ್ತಿದ್ದೆಯಾ ಅಂತ ಕೇಳುತ್ತದೆ. ಇದು ನಮ್ಮ ದೇಶದ ಅಡುಗೆಮನೆಯ ಪ್ರಶ್ನೆ. ಜಪಾನಿನವರು ಬರೆದು ಕಳಿಸಬೇಕಾಯಿತು.

ಕಳಿಸಬೇಕಾಯಿತು ಅಂದರೆ ತಪ್ಪಾದೀತು. ದೇವನೂರ ಮಹಾದೇವರ 'ಒಡಲಾಳ' ನಮ್ಮಲ್ಲೇ ಇದೆಯಲ್ಲ. ಸಾಕವ್ವನ ಮನೆಯವರೆಲ್ಲ ಒಲೆಯ ಸುತ್ತ ಕೂತು, ಎತ್ತಪ್ಪ ಸಾಹುಕಾರನಲ್ಲಿ ಕದ್ದು ತಂದ ಕಡಲೆಕಾಯಿ ಮೂಟೆಯನ್ನು ರಾತ್ರಿ ಬೆಳಗಾಗುವುದರಲ್ಲಿ ತಿಂದು ಮುಗಿಸುವ ಆ ಭಾಗ. ಊಟದ ಸಂತೋಷ ಕನ್ನಡದಲ್ಲಿ ಇಷ್ಟು ಬೆಚ್ಚಗೆ ಬಂದದ್ದು ನನಗೆ ಬೇರೆ ಕಡೆ ಸಿಕ್ಕಿಲ್ಲ. ಬೆಚ್ಚಗೆ ಅನ್ನುವ ಮಾತನ್ನು ಬೇಕೆಂದೇ ಬಳಸಿದೆ, ಬೆಕ್ಕಿನ ಪುಸ್ತಕಗಳ ಬೆನ್ನಿನ ಮೇಲೆ ಇದೇ ಮಾತಿರುತ್ತದೆ. ಅಲ್ಲೂ ಪೊಲೀಸರು ಬರುತ್ತಾರೆ. ಕ್ಯೋಟೋದ ಪೊಲೀಸ್ ಕಳೆದುಹೋದ ರುಚಿ ಹುಡುಕುತ್ತಾನೆ, ಇಲ್ಲಿಯವರು ತಿಂದು ಮುಗಿದದ್ದರ ಗುರುತು ಹುಡುಕುತ್ತಾರೆ. ಹಸಿದ ಮನೆಯಲ್ಲಿ ರುಚಿಯ ನೆನಪಿಗೂ ಸಾಕ್ಷಿ ಉಳಿಸುವ ಹಾಗಿಲ್ಲ.

ಇದನ್ನೆಲ್ಲ ಬರೆಯುವ ಮೊದಲು ಅವ್ವನಿಗೆ ಫೋನ್ ಮಾಡಿದೆ. "ಅವ್ವಾ, ಮಂಡಿಗಿ ಮಾಡಿದಾಗ ಮಾವಶಿಗೆ ಏನ್ ಕೊಡತಿದ್ರಿ?"

"ಕೊಡತಿದ್ವಲ್ಲಾ. ಮುರದದ್ದು ಇರತಿದ್ವು, ಅವನ್ನ ಎಲಿಯಾಗ ಹಾಕಿ ಕೊಡತಿದ್ವಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನೂ ಮುರದದ್ದನ್ನ ತಿಂತಿದ್ದಿ, ಹಟಾ ಮಾಡಿ" ಅಂದಳು.

ಹೌದು. ಪೂರಾ ಮಂಡಿಗೆ ಎಲೆಗೆ ಬೀಳುವವರೆಗೆ ತಡೆಯಲಾರದೆ ನಾನು ಒಲೆಯ ಪಕ್ಕ ಕೂತು ತಿನ್ನುತ್ತಿದ್ದದ್ದು ಮುರಿದ ಚೂರುಗಳನ್ನೇ. ನನ್ನ ನಾಲಿಗೆಯ ಮೇಲೆ ಇರುವುದು ಅದೇ ರುಚಿ.

"ಮಾವಶಿ ಮನಿಯವರು ಈಗ ಎಲ್ಲಿದಾರ?"

"ಲೋಂಡಾ ಕಡೆ ಹೋದ್ರು ಅಂತಿದ್ರಪ್ಪಾ. ಯಾರಿಗೆ ಕೇಳೂದು ಈಗ?"

ತಂಗಿಯ ಮಗಳು ಭಾನುವಾರ ರಾತ್ರಿ ಹೊರಡುವಾಗ ಪುಸ್ತಕ ವಾಪಸ್ ಕೇಳಿದಳು. ಎರಡನೇ ಭಾಗವೂ ಬಂದಿದೆಯಂತೆ. ತರಲೇನು ಅಂದಳು. ತಾ ಅಂದೆ.